ಲ್ಯಾಪ್‌ಟಾಪ್ ಆನ್ ಆಗದಿದ್ದಾಗ: ‘ಮದರ್‌ಬೋರ್ಡ್ ಹೋಗಿದೆ’ ಎಂದು ಒಪ್ಪಿಕೊಳ್ಳುವ ಮೊದಲು

ಪವರ್ ಬಟನ್ ಒತ್ತಿದರೂ ಲ್ಯಾಪ್‌ಟಾಪ್ ಆನ್ ಆಗದಿದ್ದಾಗ, ಆನ್ ಆದರೂ ಪರದೆ ಕಪ್ಪಾಗಿಯೇ ಇದ್ದಾಗ, ಇಲ್ಲವೇ ಹಾರ್ಡ್‌ವೇರ್ ದೋಷವೆಂಬ ಒಂದು ಸಾಲು ತೋರಿಸಿ ಅಲ್ಲೇ ನಿಂತುಬಿಟ್ಟಾಗ, ಅಂಗಡಿಯಿಂದಲೋ ಗೆಳೆಯರಿಂದಲೋ ಮೊದಲು ಕೇಳಿಬರುವ ಮಾತು, ಎಲ್ಲ ಭಾಗಗಳನ್ನೂ ಜೋಡಿಸುವ ಒಳಗಿನ ಮುಖ್ಯ ಬೋರ್ಡೇ ಕೆಟ್ಟಿದೆ ಎಂಬರ್ಥದ ‘ಮದರ್‌ಬೋರ್ಡ್ ಹೋಗಿದೆ’ ಎಂಬುದು. ಕೆಲವೊಮ್ಮೆ ಅದು ನಿಜವೇ ಆಗಿರುತ್ತದೆ. ಆದರೆ ಚಾರ್ಜರಿನ ವಯರು ಒಳಗೇ ತುಂಡಾಗಿರುವುದು, ರ‍್ಯಾಮ್ (ತಾತ್ಕಾಲಿಕ ಮೆಮೊರಿ) ಕೂರುವ ಸ್ಲಾಟಿನಲ್ಲಿ ತೇವ ಹಿಡಿದಿರುವುದು, ಒಳಗಿನ ಚಿಕ್ಕ ಸೆಲ್ ಖಾಲಿಯಾಗಿರುವುದು, ಪರದೆಯ ಕೇಬಲ್ ಸಡಿಲವಾಗಿರುವುದು ಇವೆಲ್ಲವೂ ಹೊರಗಿನಿಂದ ನೋಡುವವರಿಗೆ ಒಂದೇ ಥರ ಕಾಣುತ್ತವೆ. ಇವುಗಳಲ್ಲಿ ಯಾವುದಕ್ಕೂ ಬೋರ್ಡ್ ಬದಲಿಸಬೇಕಾಗಿಲ್ಲ. ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವಿರುವ ಯಾರಾದರೂ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳನ್ನು, ಮಾಡಬೇಕಾದ ಕ್ರಮದಲ್ಲೇ ಇಲ್ಲಿ ವಿವರಿಸಿದ್ದೇನೆ. ಮಂಗಳೂರು, ಉಡುಪಿಯಂಥ ಕರಾವಳಿ ಊರುಗಳಲ್ಲಿ ಯಂತ್ರ ಹಾಳಾಗುವ ಬಗೆಯೇ ಸ್ವಲ್ಪ ಬೇರೆಯಾದ್ದರಿಂದ ಅದನ್ನೂ ಗಮನದಲ್ಲಿಟ್ಟುಕೊಂಡಿದ್ದೇನೆ.

ಯಂತ್ರ ಎಲ್ಲಿ ನಿಂತಿತು ಎಂಬುದನ್ನು ಮೊದಲು ನೋಡಿ

ಚಾರ್ಜರ್ ಚುಚ್ಚಿದ ಕ್ಷಣದಲ್ಲಿ, ಬಟನ್ ಒತ್ತುವ ಮೊದಲೇ, ಬೋರ್ಡಿನ ಮೇಲೆ ಸಾಮಾನ್ಯವಾಗಿ 3.3 ವೋಲ್ಟ್ ಮತ್ತು 5 ವೋಲ್ಟಿನ ಎರಡು ಪೂರೈಕೆಗಳು ಸಿದ್ಧವಾಗುತ್ತವೆ. ಎಂಬೆಡೆಡ್ ಕಂಟ್ರೋಲರ್ ಎಂಬ ಚಿಪ್ ಆ ಬಲದಿಂದ ಎಚ್ಚರವಾಗಿದ್ದು ಬಟನ್‌ಗಾಗಿ ಕಾಯುತ್ತಿರುತ್ತದೆ. ಬಟನ್ ಒತ್ತಿದಾಗ ಅದು ಉಳಿದ ಪೂರೈಕೆಗಳನ್ನು ಒಂದಾದ ಮೇಲೊಂದರಂತೆ ಆನ್ ಮಾಡುತ್ತದೆ, ಪ್ರೊಸೆಸರ್, ಯಂತ್ರವನ್ನು ಎಬ್ಬಿಸುವ ಮೊದಲ ತಂತ್ರಾಂಶವಾದ ಬಯೋಸ್ ಇರುವ ಚಿಪ್ಪನ್ನು ಓದಲು ತೊಡಗುತ್ತದೆ, ರ‍್ಯಾಮ್ ಪರೀಕ್ಷೆಯಾಗುತ್ತದೆ, ಗ್ರಾಫಿಕ್ಸ್ ಎಚ್ಚೆತ್ತು ಕಂಪನಿಯ ಲೋಗೊ ಮೂಡುತ್ತದೆ, ಕೊನೆಗೆ ಎಸ್‌ಎಸ್‌ಡಿ (ಕಡತಗಳಿರುವ ಡಿಸ್ಕ್) ಸಿಕ್ಕಿ ವಿಂಡೋಸ್ ಆರಂಭವಾಗುತ್ತದೆ. ಒಂದು ಹಂತ ಮುಗಿಯದೆ ಮುಂದಿನದು ನಡೆಯುವುದಿಲ್ಲ. ಹಾಗಾಗಿ ಎಲ್ಲಿಯವರೆಗೆ ಬಂದು ನಿಂತಿತು ಎಂದು ತಿಳಿದರೆ, ಅಲ್ಲಿಯವರೆಗಿನ ಭಾಗಗಳ ಮೇಲಿನ ಅನುಮಾನ ಬಹುಮಟ್ಟಿಗೆ ಹೋಗುತ್ತದೆ. ಲೋಗೊ ಕಾಣಿಸಿ ಆಮೇಲೆ ನಿಲ್ಲುವ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್, ರ‍್ಯಾಮ್, ಪರದೆ ಮೂರೂ ಕನಿಷ್ಠ ಕೆಲಸ ಮಾಡುತ್ತಿವೆ; ‘ಬೂಟ್ ಆಗುವ ಡಿಸ್ಕ್ ಸಿಗಲಿಲ್ಲ’ ಎಂಬ ಸಂದೇಶ ಬರುವ ಯಂತ್ರದ ಬೋರ್ಡ್ ಬದಲಿಸಬೇಕೆಂದು ಯಾರಾದರೂ ಹೇಳಿದರೆ, ಇನ್ನೊಬ್ಬರನ್ನು ಕೇಳುವುದು ಒಳ್ಳೆಯದು.

ಕೈ ಹಾಕುವ ಮೊದಲು ಮೂರು ವಿಷಯ ಖಚಿತಪಡಿಸಿಕೊಳ್ಳಿ. ವಾರಂಟಿ ಇನ್ನೂ ಇದ್ದರೆ ಹಿಂಬದಿಯ ಮುಚ್ಚಳ ತೆರೆಯದೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೇ ಒಯ್ಯಿರಿ. ಅಲ್ಲಿ ದೂರಿಗೆ ಸರಿಯಾದ ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಇಲ್ಲವೇ ತಳದ ಮುಚ್ಚಳ ಉಬ್ಬಿ ಮೇಜಿನ ಮೇಲೆ ಯಂತ್ರ ಸಮವಾಗಿ ಕೂರದಿದ್ದರೆ, ಬ್ಯಾಟರಿ ಊದಿಕೊಂಡಿದೆ ಎಂದೇ ತಿಳಿದು ಚಾರ್ಜಿಗೆ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ. ಅದನ್ನು ಒತ್ತುವುದಾಗಲಿ ಚೂಪಾದ ವಸ್ತುವಿನಿಂದ ಎಬ್ಬಿಸುವುದಾಗಲಿ ಬೆಂಕಿಗೆ ದಾರಿ. ಮೂರನೆಯದು, ಡಿಸ್ಕಿನಲ್ಲಿರುವುದನ್ನು ಗೂಢಲಿಪಿಯಲ್ಲಿಡುವ ವಿಂಡೋಸಿನ ವ್ಯವಸ್ಥೆ ಬಿಟ್‌ಲಾಕರ್. ಇಂದಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಎಸ್‌ಎಸ್‌ಡಿ ತಾನಾಗಿಯೇ ಗೂಢಲಿಪಿಯಲ್ಲಿ ಇರುತ್ತದೆ. ಬಯೋಸ್ ಮರುಹೊಂದಿಸಿದಾಗ ಅಥವಾ ಬೋರ್ಡ್ ಬದಲಿಸಿದಾಗ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ನಿಮ್ಮ ಮೈಕ್ರೊಸಾಫ್ಟ್ ಖಾತೆಯಲ್ಲಿ ಇದೆಯೇ ಎಂದು ಮೊಬೈಲಿನಿಂದಲೇ ಲಾಗಿನ್ ಆಗಿ ನೋಡಿ, ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಯಂತ್ರ ಸರಿಯಾದರೂ ಒಳಗಿನ ಕಡತಗಳು ಸಿಗದೆ ಹೋಗುವುದು ಈ ಒಂದು ಉಪೇಕ್ಷೆಯಿಂದ.

ಏನೂ ಹೊತ್ತದಿದ್ದರೆ

ಬಟನ್ ಒತ್ತಿದಾಗ ಒಂದು ದೀಪವೂ ಹೊತ್ತದೆ, ಫ್ಯಾನೂ ತಿರುಗದೆ ಇದ್ದರೆ ಮೊದಲ ಅನುಮಾನ ಚಾರ್ಜರಿನ ಮೇಲೆ. ಎಕ್ಸ್‌ಟೆನ್ಷನ್ ಬಾಕ್ಸ್, ಸ್ಪೈಕ್ ಗಾರ್ಡ್ ಎಲ್ಲ ಬಿಟ್ಟು ಗೋಡೆಯ ಪ್ಲಗ್ಗಿಗೇ ನೇರವಾಗಿ ಚುಚ್ಚಿ ನೋಡಿ. ಆಮೇಲೆ ಅದೇ ವೋಲ್ಟೇಜ್, ಅಷ್ಟೇ ಅಥವಾ ಹೆಚ್ಚಿನ ವಾಟ್ ಇರುವ, ಕೆಲಸ ಮಾಡುವುದು ಖಚಿತವಾದ ಇನ್ನೊಂದು ಚಾರ್ಜರನ್ನು ಯಾರಿಂದಾದರೂ ತಂದು ಪರೀಕ್ಷಿಸಿ. ಡೆಲ್ ಮತ್ತು ಎಚ್‌ಪಿಯ ಗುಂಡು ಪಿನ್ನಿನ ಚಾರ್ಜರುಗಳು ಸಾಮಾನ್ಯವಾಗಿ 19.5 ವೋಲ್ಟ್, ಲೆನೊವೊದವು 20, ಏಸರ್ ಮತ್ತು ಏಸಸ್‌ನವು ಹೆಚ್ಚಾಗಿ 19. ಅಡಾಪ್ಟರಿನ ಮೇಲೆ ಅಚ್ಚಾಗಿರುವುದನ್ನೇ ನಂಬಿ.

ಮಲ್ಟಿಮೀಟರ್ ಇದ್ದವರು ಚಾರ್ಜರಿನ ವೋಲ್ಟೇಜನ್ನು ಅಳೆಯಬಹುದು, ಆದರೆ ಅಲ್ಲಿ ಎರಡು ಕಡೆ ತಪ್ಪು ತಿಳಿಯುವ ಅವಕಾಶವಿದೆ. ಸಾಮಾನ್ಯ ಮೀಟರಿನ 20 ವೋಲ್ಟಿನ ಸ್ಥಾನ 19.99ರವರೆಗೆ ಮಾತ್ರ ತೋರಿಸುತ್ತದೆ. ಅದಕ್ಕಿಂತ ಹೆಚ್ಚಾದರೆ ಎಡಬದಿಯಲ್ಲಿ ಬರೇ 1 ಎಂದು ಉಳಿದುಬಿಡುತ್ತದೆ. ಸುಸ್ಥಿತಿಯಲ್ಲಿರುವ 20 ವೋಲ್ಟಿನ ಚಾರ್ಜರನ್ನು ಇದರಿಂದ ಕೆಟ್ಟದ್ದೆಂದು ತಿಳಿಯಬಾರದು, ಮೀಟರನ್ನು 200ರ ಸ್ಥಾನಕ್ಕೆ ತಿರುಗಿಸಿ ಅಳೆಯಬೇಕು. ಎರಡನೆಯದಾಗಿ, ಮೀಟರಿನಲ್ಲಿ ಸರಿಯಾಗಿ ತೋರಿಸುವ ಚಾರ್ಜರ್ ಲ್ಯಾಪ್‌ಟಾಪಿನ ಭಾರ ಬಿದ್ದ ಕೂಡಲೇ ಕುಸಿಯಬಹುದು, ಆದ್ದರಿಂದ ಇನ್ನೊಂದು ಚಾರ್ಜರಿನಿಂದ ಮಾಡುವ ಪರೀಕ್ಷೆಗೇ ಹೆಚ್ಚು ಬೆಲೆ. ಟೈಪ್-ಸಿ ಚಾರ್ಜರ್ ಮೊದಲು 5 ವೋಲ್ಟನ್ನೇ ಕೊಟ್ಟು, ಲ್ಯಾಪ್‌ಟಾಪಿನ ಜೊತೆ ಒಪ್ಪಂದವಾದ ಮೇಲೆ 20ಕ್ಕೆ ಏರುತ್ತದೆ. ಎರಡು ಬೇರೆ ಚಾರ್ಜರ್, ಎರಡು ಬೇರೆ ಕೇಬಲ್ ಹಾಕಿದರೂ ಕೇಬಲಿನ ನಡುವೆ ಸಿಕ್ಕಿಸುವ ಟೈಪ್-ಸಿ ಮೀಟರ್ 5ರಲ್ಲೇ ನಿಂತಿದ್ದರೆ, ತೊಂದರೆ ಬೋರ್ಡಿನ ಚಾರ್ಜಿಂಗ್ ಭಾಗದಲ್ಲಿದೆ ಎನ್ನಲು ಗಟ್ಟಿಯಾದ ಆಧಾರ ಸಿಕ್ಕಂತೆ.

ಚಾರ್ಜರ್ ಸರಿಯಿದೆ ಎಂದಾದರೆ ಹಾರ್ಡ್ ರಿಸೆಟ್ ಮಾಡಿ. ಚಾರ್ಜರ್, ಮೌಸ್, ಪೆನ್‌ಡ್ರೈವ್ ಎಲ್ಲ ತೆಗೆದು, ಬ್ಯಾಟರಿ ಹೊರಗಿನಿಂದ ಬಿಚ್ಚುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು 30ರಿಂದ 40 ಸೆಕೆಂಡ್ ಒತ್ತಿ ಹಿಡಿಯಿರಿ. ಬಳಿಕ ಬರೇ ಚಾರ್ಜರ್ ಜೋಡಿಸಿ ಆನ್ ಮಾಡಿ. ಬೋರ್ಡಿನಲ್ಲಿ ಉಳಿದ ವಿದ್ಯುತ್ತು ಖಾಲಿಯಾಗಿ, ಎಲ್ಲೋ ಸಿಕ್ಕಿಕೊಂಡಿದ್ದ ಎಂಬೆಡೆಡ್ ಕಂಟ್ರೋಲರ್ ಮೊದಲಿನಿಂದ ಕೆಲಸ ಆರಂಭಿಸುತ್ತದೆ. ಕರೆಂಟು ಹೋಗಿ ಬಂದು ಆಡಿದ ರಾತ್ರಿಯ ಮರುದಿನ ಸತ್ತಂತೆ ಬಿದ್ದಿರುವ ಲ್ಯಾಪ್‌ಟಾಪುಗಳು ಇಷ್ಟರಿಂದಲೇ ಎದ್ದು ಬರುವುದುಂಟು. ಒಳಗೇ ಬ್ಯಾಟರಿ ಇರುವ ಹಲವು ಥಿಂಕ್‌ಪ್ಯಾಡ್ ಮತ್ತು ಏಸರ್ ಮಾದರಿಗಳ ತಳದಲ್ಲಿ ರಿಸೆಟ್‌ಗೆಂದೇ ಪಿನ್ ತೂರುವಷ್ಟು ಸಣ್ಣ ತೂತು ಇರುತ್ತದೆ. ಚಾರ್ಜರ್ ತೆಗೆದು, ಸಿಮ್ ಪಿನ್ನಿನಿಂದ ಕೆಲವು ಸೆಕೆಂಡ್ ಒತ್ತಿದರೆ ಸಾಕು. ಮೈಕಿನ ತೂತನ್ನು ಅದೆಂದು ತಿಳಿದು ಚುಚ್ಚಬೇಡಿ, ಪಕ್ಕದಲ್ಲಿ ಗುರುತು ಇದೆಯೇ ನೋಡಿ.

ಉಪ್ಪುಗಾಳಿ, ತೇವ ಮತ್ತು ಬೋರ್ಡ್

ಬೆಂಗಳೂರಿಗೋ ಹುಬ್ಬಳ್ಳಿಗೋ ಬರೆದ ಮಾರ್ಗದರ್ಶಿಯಲ್ಲಿ ಇಲ್ಲದ ಒಂದು ಅಧ್ಯಾಯ ನಮಗೆ ಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಆರ್ದ್ರತೆ ಶೇ. 85–90ರ ಆಸುಪಾಸಿನಲ್ಲೇ ಇರುವ ಊರು ನಮ್ಮದು. ಸಮುದ್ರದ ಗಾಳಿಯಲ್ಲಿ ಬರುವ ಉಪ್ಪಿನ ಸೂಕ್ಷ್ಮ ಕಣಗಳು ಫ್ಯಾನಿನ ಮೂಲಕ ಒಳಗೆ ಹೋಗಿ ದೂಳಿನೊಂದಿಗೆ ಬೋರ್ಡಿನ ಮೇಲೆ ಕೂರುತ್ತವೆ. ಆರ್ದ್ರತೆ ಸುಮಾರು ಶೇ. 75 ದಾಟಿದಾಗ ಅಡುಗೆ ಉಪ್ಪು ಗಾಳಿಯ ನೀರನ್ನು ತಾನೇ ಹೀರಿಕೊಂಡು ಕರಗತೊಡಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬದಲ್ಲಿ ನಾವು ಕಾಣುವುದೇ ಬೋರ್ಡಿನ ಮೇಲೂ ನಡೆಯುತ್ತದೆ. ಉಪ್ಪುನೀರು ವಿದ್ಯುತ್ತನ್ನು ಹರಿಸುತ್ತದೆ. ಲ್ಯಾಪ್‌ಟಾಪ್ ಆಫ್ ಇದ್ದರೂ ಬ್ಯಾಟರಿ ಜೋಡಣೆಯಲ್ಲಿ ಇರುವವರೆಗೆ ಬೋರ್ಡಿನ ಕೆಲವು ಗೆರೆಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ, ಹಾಗಾಗಿ ತಾಮ್ರ ಸವೆಯುವ ಕೆಲಸ ಹಗಲು ರಾತ್ರಿ ನಿಲ್ಲುವುದಿಲ್ಲ. ಮಲ್ಪೆ, ಕಾಪು, ಪಣಂಬೂರು, ಉಳ್ಳಾಲದಂತಹ ಕಡಲತೀರದ ಮನೆಗಳಲ್ಲಿ ಇದು ಇನ್ನೂ ಬೇಗ.

ಇದರಿಂದಾಗಿ, ದಿನವೂ ಬಳಸುವ ಲ್ಯಾಪ್‌ಟಾಪಿಗಿಂತ ಬಳಸದೆ ಕಪಾಟಿನಲ್ಲಿ ಇಟ್ಟ ಲ್ಯಾಪ್‌ಟಾಪ್ ಇಲ್ಲಿ ಬೇಗ ಹಾಳಾಗುತ್ತದೆ. ಓಡುವ ಯಂತ್ರದ ಬಿಸಿಯೇ ಅದನ್ನು ಒಣಗಿಸಿ ಇಡುತ್ತದೆ. ಮುಂಬಯಿಗೋ ಗಲ್ಫಿಗೋ ಹೋದವರು ಊರಮನೆಯಲ್ಲಿ ಬಿಟ್ಟುಹೋದ ಯಂತ್ರ ರಜೆಯಲ್ಲಿ ಬಂದಾಗ ಆನ್ ಆಗದಿರುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ಅಂಥ ಯಂತ್ರಕ್ಕೆ ಮೊದಲ ದಿನವೇ ಚಾರ್ಜರ್ ಚುಚ್ಚಬೇಡಿ. ಮುಚ್ಚಳ ತೆಗೆದು, ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಕಣ್ಣಾರೆ ನೋಡಿದ ಮೇಲೆ ಮುಂದಿನ ಮಾತು.

ಬೆಂಗಳೂರಿನಿಂದ ರಾತ್ರಿಯ ಎಸಿ ಬಸ್ಸಿನಲ್ಲಿ ಘಾಟಿ ಇಳಿದು ಬರುವ ವಿದ್ಯಾರ್ಥಿಗಳೂ ಉದ್ಯೋಗಿಗಳೂ ಒಂದು ವಿಷಯ ಗಮನಿಸಬೇಕು. ಎಸಿಯಲ್ಲಿ ಇಡೀ ರಾತ್ರಿ ತಣ್ಣಗಾದ ಲೋಹದ ಮೈಯ ಲ್ಯಾಪ್‌ಟಾಪನ್ನು ಮಂಗಳೂರಿನ ಒದ್ದೆ ಗಾಳಿಗೆ ತೆರೆದ ಕೂಡಲೇ ಅದರ ಮೇಲೂ ಒಳಗೂ ಸಣ್ಣ ಹನಿಗಳು ಕಟ್ಟಬಹುದು. ಬ್ಯಾಗಿನ ಜಿಪ್ ತೆರೆಯದೆ ಅರ್ಧ ಗಂಟೆ, ಮಳೆಗಾಲದಲ್ಲಿ ಒಂದು ಗಂಟೆ ಬಿಟ್ಟು ಆನ್ ಮಾಡಿದರೆ ಈ ಅಪಾಯವಿಲ್ಲ.

ನೀರೋ ಚಹಾವೋ ಬಿದ್ದ ಯಂತ್ರದ ವಿಷಯದಲ್ಲಿ ಒಂದೇ ನಿಯಮ: ಆನ್ ಆಗುತ್ತದೆಯೇ ಎಂದು ನೋಡುವ ಆಸೆಯನ್ನು ತಡೆಹಿಡಿಯಬೇಕು. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಚಾರ್ಜರ್ ಕೀಳಿ, ಆದಷ್ಟು ಬೇಗ ಒಳಗಿನ ಬ್ಯಾಟರಿ ಬಿಡಿಸಿ ಅಥವಾ ಬಿಡಿಸಬಲ್ಲವರ ಬಳಿ ಒಯ್ಯಿರಿ. ಅಕ್ಕಿಯ ಡಬ್ಬದಲ್ಲಿ ಹುಗಿದಿಡುವ ಉಪಾಯವನ್ನು ದಯವಿಟ್ಟು ಬಿಟ್ಟುಬಿಡಿ. ಕುಚ್ಚಲಕ್ಕಿಯಾಗಲಿ ಬೆಳ್ತಿಗೆಯಾಗಲಿ ಚಿಪ್ಪಿನ ಅಡಿಯ ನೀರನ್ನು ಎಳೆಯುವುದಿಲ್ಲ, ಬದಲಿಗೆ ಅದರ ಹುಡಿ ಪೋರ್ಟುಗಳಲ್ಲಿ ಸೇರಿಕೊಳ್ಳುತ್ತದೆ. ಅಷ್ಟರಲ್ಲಿ ಕಳೆದ ಎರಡು ಮೂರು ದಿನಗಳಲ್ಲಿ ಚಹಾದ ಸಕ್ಕರೆ ಮತ್ತು ನೀರಿನ ಲವಣ ಬೋರ್ಡನ್ನು ತಿನ್ನುತ್ತಿರುತ್ತವೆ. ಹೇರ್ ಡ್ರೈಯರಿನ ಬಿಸಿಗಾಳಿಯೂ ಬೇಡ, ಅದು ನೀರನ್ನು ಇನ್ನಷ್ಟು ಒಳಗೆ ತಳ್ಳುತ್ತದೆ.

ಮುಚ್ಚಳ ತೆಗೆದ ಮೇಲೆ

ಲ್ಯಾಪ್‌ಟಾಪನ್ನು ಆಫ್ ಮಾಡಿ, ಚಾರ್ಜರ್ ತೆಗೆದು, ಒಣಗಿದ ಬಟ್ಟೆ ಹಾಸಿದ ಮೇಜಿನ ಮೇಲೆ ಕವುಚಿ ಇಡಿ. ಬಿಳಿ ಹಾಳೆಯೊಂದರ ಮೇಲೆ ತಳದ ಆಕಾರ ಬರೆದುಕೊಂಡು, ಬಿಚ್ಚಿದ ಪ್ರತಿ ಸ್ಕ್ರೂವನ್ನು ಅದರದೇ ಜಾಗದಲ್ಲಿ ಇಡುತ್ತಾ ಹೋಗಿ. ಅನೇಕ ಮಾದರಿಗಳಲ್ಲಿ ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ; ಗಿಡ್ಡ ಸ್ಕ್ರೂವಿನ ತೂತಿಗೆ ಉದ್ದದ್ದನ್ನು ಬಿಗಿದರೆ ಅದರ ತುದಿ ಬೋರ್ಡನ್ನೇ ತೂತು ಮಾಡಬಹುದು. ಅಂಚನ್ನು ಬಿಡಿಸಲು ಹಳೆಯ ಸಿಮ್ ಕಾರ್ಡಿನಂಥ ತೆಳು ಪ್ಲಾಸ್ಟಿಕ್ ಸಾಕು. ಮುಚ್ಚಳ ತೆಗೆದ ಕೂಡಲೇ ಮಾಡಬೇಕಾದ ಕೆಲಸ ಬ್ಯಾಟರಿಯ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸುವುದು. ವಯರನ್ನು ಹಿಡಿದು ಎಳೆಯದೆ, ಕನೆಕ್ಟರಿನ ಎರಡು ಬದಿಯನ್ನೂ ಉಗುರಿನಿಂದ ಸ್ವಲ್ಪ ಸ್ವಲ್ಪವೇ ತಳ್ಳಬೇಕು. ನಮ್ಮ ಗಾಳಿಯ ತೇವದಿಂದಾಗಿ ಮೈಯಲ್ಲಿ ಸ್ಥಿರವಿದ್ಯುತ್ತು ಕೂಡುವುದು ಕಡಿಮೆಯಾದರೂ, ಕೆಲಸಕ್ಕೆ ಮೊದಲು ಲೋಹದ ಕಿಟಕಿ ಸರಳನ್ನೋ ನಲ್ಲಿಯನ್ನೋ ಮುಟ್ಟಿ ಬರುವುದು ಒಳ್ಳೆಯ ಅಭ್ಯಾಸ.

ಈಗ ಮೊಬೈಲಿನ ಟಾರ್ಚ್ ಓರೆಯಾಗಿ ಹಿಡಿದು ಬೋರ್ಡನ್ನು ನಿಧಾನವಾಗಿ ನೋಡಿ. ಪೋರ್ಟುಗಳ ಹತ್ತಿರ, ಫ್ಯಾನಿನ ಗಾಳಿ ಹಾಯುವ ದಾರಿಯಲ್ಲಿ, ಕೀಬೋರ್ಡಿನ ಅಡಿಗೆ ಬರುವ ಕಡೆ ಹೆಚ್ಚು ಗಮನವಿರಲಿ. ಹೊಳೆಯಬೇಕಾದ ಬೆಸುಗೆಯ ಚುಕ್ಕೆಗಳು ಮಾಸಿದ್ದರೆ, ಅಂಚಿನಲ್ಲಿ ಹಸಿರು ಅಥವಾ ಬಿಳಿಯ ಹುಡಿ ಕಟ್ಟಿದ್ದರೆ, ಚಿಪ್ಪಿನ ಕಾಲುಗಳ ನಡುವೆ ಕಂದು ಕಲೆ ಇದ್ದರೆ ಅದು ತೇವದ ಕೆಲಸ. ಕಪ್ಪಾದ ಕಲೆ, ಸುಟ್ಟ ವಾಸನೆ ಇದ್ದರೆ ಅದು ಶಾರ್ಟ್ ಆದದ್ದರ ಗುರುತು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕುವ ಸಣ್ಣ ಇರುವೆಗಳು ಬೋರ್ಡಿನ ಮೇಲೆ ಮೊಟ್ಟೆ ಸಮೇತ ಮನೆ ಮಾಡಿರುವುದೂ ಇದೆ. ಹುಡಿ ಸ್ವಲ್ಪವೇ ಇದ್ದರೆ ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೃದುವಾದ ಬ್ರಷ್ಷಿನಿಂದ ಒರೆಸಿ, ಫ್ಯಾನಿನ ಗಾಳಿಗೆ ಕೆಲವು ಗಂಟೆ ಒಣಗಲು ಬಿಡಿ. ಕೈ ತೊಳೆಯುವ ಸ್ಯಾನಿಟೈಸರ್ ಇದಕ್ಕೆ ಬದಲಿಯಲ್ಲ, ಅದರಲ್ಲಿ ನೀರೂ ಅಂಟೂ ಇರುತ್ತವೆ.

ಮುಂದಿನದು ರ‍್ಯಾಮ್. ದೀಪ ಹೊತ್ತಿ, ಫ್ಯಾನ್ ತಿರುಗಿ, ಪರದೆ ಮಾತ್ರ ಕಪ್ಪಾಗಿರುವ ಯಂತ್ರಗಳಲ್ಲಿ ನಾನು ಮೊದಲು ನೋಡಿ ಎನ್ನುವುದು ಇದನ್ನೇ, ಏಕೆಂದರೆ ಖರ್ಚಿಲ್ಲದೆ ಗುಣವಾಗುವ ದೋಷಗಳಲ್ಲಿ ಇದು ಮುಖ್ಯವಾದದ್ದು. ಸ್ಲಾಟಿನ ಎರಡೂ ಬದಿಯ ಲೋಹದ ಹಿಡಿಕೆಗಳನ್ನು ಹೊರಗೆ ಸರಿಸಿದರೆ ರ‍್ಯಾಮ್ ಸುಮಾರು 30 ಡಿಗ್ರಿ ಓರೆಯಾಗಿ ಮೇಲೇಳುತ್ತದೆ. ಅದೇ ಓರೆಯಲ್ಲಿ ಹೊರಗೆಳೆಯಿರಿ. ಚಿನ್ನದ ಬಣ್ಣದ ಪಟ್ಟಿಗಳು ಒಂದೇ ಸಮನೆ ಹೊಳೆಯುತ್ತಿವೆಯೇ ನೋಡಿ. ಪೆನ್ಸಿಲಿನ ರಬ್ಬರಿನಿಂದ ಉಜ್ಜುವ ಪದ್ಧತಿ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಆದರೆ ಆ ಚಿನ್ನದ ಪದರ ಬಹಳ ತೆಳುವಾದದ್ದು, ಪದೇ ಪದೇ ಉಜ್ಜಿದರೆ ಅದು ಸವೆದು ಒಳಗಿನ ಲೋಹ ನಮ್ಮ ಗಾಳಿಗೆ ತೆರೆದುಕೊಳ್ಳುತ್ತದೆ. ಆಲ್ಕೊಹಾಲ್ ಹಚ್ಚಿದ, ನೂಲು ಬಿಡದ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಒರೆಸುವುದೇ ಸರಿ. ಮತ್ತೆ ಕೂರಿಸುವಾಗ ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಚಿನ್ನದ ಪಟ್ಟಿ ಬಹುತೇಕ ಮರೆಯಾದ ಮೇಲೆ ಕೆಳಗೆ ಒತ್ತಿ, ಎರಡೂ ಬದಿಯಲ್ಲಿ ‘ಟಿಕ್’ ಎಂದು ಕೇಳಬೇಕು. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ, ಒಂದೊಂದು ಸ್ಲಾಟಿನಲ್ಲೂ ಹಾಕಿ ಆನ್ ಮಾಡಿ. ಯಾವ ರ‍್ಯಾಮ್ ಹಾಕಿದರೂ ಒಂದೇ ಸ್ಲಾಟಿನಲ್ಲಿ ತೊಂದರೆ ಬಂದರೆ ದೋಷ ಸ್ಲಾಟಿನದು. ಯಾವ ಸ್ಲಾಟಿನಲ್ಲಿ ಹಾಕಿದರೂ ಒಂದೇ ರ‍್ಯಾಮ್ ಸೋತರೆ ದೋಷ ರ‍್ಯಾಮಿನದು. ಡಿಡಿಆರ್5 ರ‍್ಯಾಮ್ ಇರುವ ಹೊಸ ಯಂತ್ರಗಳು ಹೀಗೆ ಬದಲಿಸಿದ ಬಳಿಕ ಮೊದಲ ಸಲ ಆನ್ ಆಗುವಾಗ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರಬಹುದು. ಆಗ ಗಾಬರಿಯಿಂದ ಆಫ್ ಮಾಡಬೇಡಿ. ತೆಳುವಾದ ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ಈ ಪರೀಕ್ಷೆಗೆ ಅವಕಾಶವಿಲ್ಲ.

ದೀಪಗಳು ಹೇಳುವ ಮಾತು

ಪರದೆ ಕಪ್ಪಾಗಿರುವಾಗ ಅದು ನಿಜವಾಗಿಯೂ ಬೋರ್ಡಿನ ದೋಷವೇ ಅಥವಾ ಪರದೆಯದ್ದೇ ಎಂದು ಬೇರ್ಪಡಿಸಬೇಕು. ಎಚ್‌ಡಿಎಂಐ ಕೇಬಲಿನಿಂದ ಮನೆಯ ಟಿವಿಗೆ ಜೋಡಿಸಿ. ಅಲ್ಲಿ ಚಿತ್ರ ಬಂದರೆ ಬೋರ್ಡ್ ಬಹುಮಟ್ಟಿಗೆ ಸರಿಯಿದೆ. ಕತ್ತಲಲ್ಲಿ ಪರದೆಗೆ ಟಾರ್ಚನ್ನು ಓರೆಯಾಗಿ ಹಿಡಿದಾಗ ಮಸುಕಾಗಿ ಲೋಗೊ ಕಂಡರೆ ಹೋಗಿರುವುದು ಹಿಂಬದಿಯ ಬೆಳಕು ಮಾತ್ರ. ಡೆಲ್ ಯಂತ್ರಗಳಲ್ಲಿ ‘ಡಿ’ ಕೀ ಒತ್ತಿ ಹಿಡಿದು ಆನ್ ಮಾಡಿದರೆ ಪರದೆ ಒಂದರ ನಂತರ ಒಂದು ಬಣ್ಣ ತೋರಿಸುತ್ತಾ ಹೋಗುತ್ತದೆ. ಬಣ್ಣಗಳು ಸರಿಯಾಗಿ ಬಂದರೆ ಪರದೆಯ ಮೇಲೆ ಅನುಮಾನ ಬೇಡ.

ಪರದೆಯ ದೋಷವಲ್ಲ ಎಂದಾದರೆ, ಯಂತ್ರ ತನ್ನ ತೊಂದರೆಯನ್ನು ದೀಪ ಮಿನುಗಿಸಿಯೋ ಬೀಪ್ ಶಬ್ದದಿಂದಲೋ ತಿಳಿಸುತ್ತದೆ. ಇದನ್ನು ಬರಿಗಣ್ಣಿನಲ್ಲಿ ಎಣಿಸಲು ಹೋಗದೆ ಮೊಬೈಲಿನಲ್ಲಿ ವಿಡಿಯೊ ಮಾಡಿ, ನಿಧಾನಗತಿಯಲ್ಲಿ ನೋಡಿ ಎಣಿಸಿ. ಡೆಲ್‌ನ ಅನೇಕ ಮಾದರಿಗಳಲ್ಲಿ ದೀಪ ಮೊದಲು ಹಳದಿ, ಆಮೇಲೆ ಬಿಳಿ ಬಣ್ಣದಲ್ಲಿ ಮಿನುಗುತ್ತದೆ: ಎರಡು ಹಳದಿ ಒಂದು ಬಿಳಿ ಪ್ರೊಸೆಸರಿನ ದೋಷ, ಎರಡು–ಎರಡು ಬಯೋಸ್, ಎರಡು–ಮೂರು ರ‍್ಯಾಮ್ ಸಿಗದಿರುವುದು, ಎರಡು–ನಾಲ್ಕು ರ‍್ಯಾಮಿನ ದೋಷ, ಎರಡು–ಆರು ಬೋರ್ಡ್ ಅಥವಾ ಚಿಪ್‌ಸೆಟ್, ಎರಡು–ಏಳು ಪರದೆ, ಮೂರು–ಒಂದು ಒಳಗಿನ ಸಣ್ಣ ಸೆಲ್. ಎಚ್‌ಪಿಯ ಅನೇಕ ಗೃಹಬಳಕೆಯ ಮಾದರಿಗಳಲ್ಲಿ ಕ್ಯಾಪ್ಸ್ ಲಾಕ್ ದೀಪ ಮಿನುಗುತ್ತದೆ: ಒಂದು ಸಲವಾದರೆ ಪ್ರೊಸೆಸರ್, ಎರಡಾದರೆ ಬಯೋಸ್, ಮೂರಾದರೆ ರ‍್ಯಾಮ್, ನಾಲ್ಕಾದರೆ ಗ್ರಾಫಿಕ್ಸ್, ಐದಾದರೆ ಬೋರ್ಡ್. ಸರಣಿಯಿಂದ ಸರಣಿಗೆ ಇವು ಬದಲಾಗುವುದರಿಂದ ನಿಮ್ಮ ಮಾದರಿಯ ಹೆಸರು ಹಾಕಿ ಕಂಪನಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಒಮ್ಮೆ ತಾಳೆ ನೋಡಿ.

ಬಯೋಸ್ ಕೆಟ್ಟಿದೆ ಎಂಬ ಸೂಚನೆ ಬಂದರೂ ಬೋರ್ಡ್ ಮುಗಿಯಿತು ಎಂದಲ್ಲ. ಅಪ್‌ಡೇಟ್ ನಡೆಯುವಾಗ ಕರೆಂಟು ಹೋಗಿ, ಬ್ಯಾಟರಿಯೂ ದುರ್ಬಲವಾಗಿದ್ದರೆ ಹೀಗಾಗುತ್ತದೆ. ಎಚ್‌ಪಿಯಲ್ಲಿ ವಿಂಡೋಸ್ ಮತ್ತು ‘ಬಿ’ ಕೀಗಳನ್ನು ಒಟ್ಟಿಗೆ ಒತ್ತಿ ಹಿಡಿದು, ಡೆಲ್‌ನಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಕೀಗಳನ್ನು ಒತ್ತಿ ಹಿಡಿದು ಆನ್ ಮಾಡಿದರೆ ಬಯೋಸ್ ರಿಕವರಿ ಆರಂಭವಾಗುವ ಸೌಲಭ್ಯ ಅನೇಕ ಮಾದರಿಗಳಲ್ಲಿದೆ. ಅದೂ ಆಗದಿದ್ದರೆ ಬಯೋಸ್ ಚಿಪ್ಪನ್ನು ಪ್ರೋಗ್ರಾಮರಿನಲ್ಲಿಟ್ಟು ಹೊಸದಾಗಿ ಬರೆಯುವವರು ನಮ್ಮ ಊರಿನಲ್ಲೇ ಸಿಗುತ್ತಾರೆ.

ಲೋಗೊ ಬಂದ ಮೇಲೆ ನಿಲ್ಲುವ ಯಂತ್ರ

ದಿನಾಂಕ, ಸಮಯ ಸರಿಯಿಲ್ಲ ಎಂದೋ ಸಿಮಾಸ್ ಚೆಕ್‌ಸಮ್ ಎಂದೋ ಸಂದೇಶ ಬಂದರೆ, ಥಿಂಕ್‌ಪ್ಯಾಡಿನಲ್ಲಿ 0271 ಅಥವಾ 0251 ಎಂಬ ಸಂಖ್ಯೆ ಕಂಡರೆ, ಸಾಮಾನ್ಯವಾಗಿ ಖಾಲಿಯಾಗಿರುವುದು ಮೊದಲು ಹೇಳಿದ ಒಳಗಿನ ಚಿಕ್ಕ ಸೆಲ್, ಅಂದರೆ ಸಿಆರ್2032 ಎಂಬ 3 ವೋಲ್ಟಿನ ಸೆಲ್. ಗಡಿಯಾರದಂಗಡಿಯಲ್ಲೂ ಸಿಗುವ ಸೆಲ್ ಇದು. ಕೆಲವು ಲ್ಯಾಪ್‌ಟಾಪುಗಳಲ್ಲಿ ಮಾತ್ರ ವಯರು ಸಮೇತ ಸುತ್ತಿಟ್ಟ ರೂಪದಲ್ಲಿರುತ್ತದೆ. ಮೀಟರಿನಲ್ಲಿ 2.7ಕ್ಕಿಂತ ಕೆಳಗಿದ್ದರೆ ಬದಲಿಸಿ. ಸೆಲ್ ಖಾಲಿಯಾದಾಗ ಬಯೋಸಿನ ಹೊಂದಿಕೆಗಳು ಮೊದಲಿನ ಸ್ಥಿತಿಗೆ ಮರಳುತ್ತವೆ. ಎಸ್‌ಎಸ್‌ಡಿಯ ಹೊಂದಿಕೆ ಎಎಚ್‌ಸಿಐಯಿಂದ ರೈಡ್‌ಗೆ (ಇವು ಡಿಸ್ಕಿನೊಂದಿಗೆ ವ್ಯವಹರಿಸುವ ಎರಡು ವಿಧಾನಗಳು) ಬದಲಾಗಿಬಿಟ್ಟರೆ ವಿಂಡೋಸ್ ಏಳುವುದೇ ಇಲ್ಲ, ಹಿಂದೆ ಇದ್ದದ್ದಕ್ಕೆ ತಿರುಗಿಸಿದರೆ ಮತ್ತೆ ಸರಿಯಾಗುತ್ತದೆ. ಎಚ್‌ಪಿಯಲ್ಲಿ 90ಬಿ ಎಂಬ ಸಂಖ್ಯೆ ಫ್ಯಾನಿನ ದೋಷ. ದೂಳು ತೆಗೆದು, ಬೇಕಾದರೆ ಫ್ಯಾನ್ ಬದಲಿಸಿದರೆ ಮುಗಿಯಿತು.

ವಿಂಡೋಸ್ ಆರಂಭವಾಗುವಾಗ ನೀಲಿ ಪರದೆಯಲ್ಲಿ ‘ಡಬ್ಲ್ಯುಎಚ್‌ಇಎ ಅನ್‌ಕರೆಕ್ಟೆಬಲ್ ಎರರ್’ ಎಂದು ಬಂದರೆ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಅಥವಾ ಅವುಗಳನ್ನು ಜೋಡಿಸುವ ದಾರಿಯಲ್ಲಿ ಸರಿಪಡಿಸಲಾಗದ ತಪ್ಪು ಕಂಡಿದೆ ಎಂದರ್ಥ. ಅತಿಯಾದ ಬಿಸಿಯೂ ಹಳೆಯ ಬಯೋಸೂ ಇದಕ್ಕೆ ಕಾರಣವಾಗಬಹುದು. ಮೊದಲು ಕಂಪನಿಯದೇ ಪರೀಕ್ಷೆಯನ್ನು ನಡೆಸಿ: ಆನ್ ಮಾಡುವಾಗ ಎಚ್‌ಪಿಯಲ್ಲಿ ಎಫ್2, ಡೆಲ್‌ನಲ್ಲಿ ಎಫ್12 ಒತ್ತಿ ಡಯಾಗ್ನೊಸ್ಟಿಕ್ಸ್ ಆರಿಸಬಹುದು. ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಇಡೀ ರಾತ್ರಿ ರ‍್ಯಾಮನ್ನು ಪರೀಕ್ಷಿಸುವುದು ಇನ್ನೂ ಖಚಿತ. ಆಮೇಲೆ ಎಸ್‌ಎಸ್‌ಡಿ ಬಿಚ್ಚಿಟ್ಟು, ಪೆನ್‌ಡ್ರೈವಿನಿಂದ ಲಿನಕ್ಸ್ ಓಡಿಸಿ ನೋಡಿ. ಅದು ಗಂಟೆಗಟ್ಟಲೆ ನಿಲ್ಲದೆ ಓಡಿದರೆ ಅನುಮಾನ ಎಸ್‌ಎಸ್‌ಡಿಯತ್ತ ತಿರುಗುತ್ತದೆ.

ಸಿಡಿಲು ಮತ್ತು ಅರ್ತಿಂಗ್

ಏಪ್ರಿಲ್–ಮೇಯ ಮುಂಗಾರುಪೂರ್ವ ಮಳೆಯಲ್ಲೂ ಅಕ್ಟೋಬರಿನ ಸಂಜೆಗಳಲ್ಲೂ ಬರುವ ಸಿಡಿಲು ಬೋರ್ಡುಗಳ ದೊಡ್ಡ ಶತ್ರು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನು ಕೀಳಬೇಕು, ಲ್ಯಾನ್ ಕೇಬಲನ್ನೂ ತೆಗೆಯಬೇಕು. ಫೈಬರ್ ಸಂಪರ್ಕವಿದ್ದರೂ ರೂಟರಿನ ಅಡಾಪ್ಟರ್ ಮನೆಯ ಕರೆಂಟಿಗೇ ಜೋಡಿಸಿದ್ದು. ಅಲ್ಲಿಂದ ಲ್ಯಾನ್ ಕೇಬಲಿನ ಮೂಲಕ ಲ್ಯಾಪ್‌ಟಾಪಿಗೆ ದಾರಿಯಿದೆ. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜಿನಲ್ಲಿರುವಾಗ ಮುಟ್ಟಿದರೆ ಜುಮ್ ಎನ್ನುವುದಾದರೆ ಮನೆಯ ಅರ್ತಿಂಗ್ ಪರೀಕ್ಷಿಸಿ. ಮೂರು ಪಿನ್ನಿನ ಚಾರ್ಜರಿನಲ್ಲೂ ಹೀಗಾದರೆ ಅರ್ತ್ ಕೆಲಸ ಮಾಡುತ್ತಿಲ್ಲ ಎನ್ನುವ ಸಾಧ್ಯತೆಯೇ ಹೆಚ್ಚು. ಮುರಕಲ್ಲಿನ ಗುಡ್ಡೆಯ ಮೇಲಿನ ಮನೆಗಳಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗಿ ಹೋಗುತ್ತದೆ; ಮಾರ್ಚಿನಿಂದ ಮಳೆ ಬರುವವರೆಗೆ ಆಗಾಗ ನೀರು ಹೊಯ್ಯಬೇಕು. ಅರ್ತ್ ಇಲ್ಲದ ಮನೆಯಲ್ಲಿ ಸ್ಪೈಕ್ ಗಾರ್ಡಿನಿಂದ ಸಿಗುವ ರಕ್ಷಣೆ ಬಹಳ ಕಡಿಮೆ.

ಅಂಗಡಿಗೆ ಒಯ್ಯುವಾಗ

ಇಷ್ಟೆಲ್ಲ ಮಾಡಿದರೂ ಏಳದ ಯಂತ್ರದಲ್ಲಿ ದೋಷ ಬೋರ್ಡಿನದೇ ಇರಬೇಕು. ಆಗಲೂ ಬೋರ್ಡ್ ಬದಲಿಸುವುದೊಂದೇ ದಾರಿಯಲ್ಲ. ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಚಿಪ್ ಲೆವೆಲ್ ಸರ್ವಿಸ್, ಅಂದರೆ ಬೋರ್ಡಿನ ಒಂದೊಂದು ಬಿಡಿಭಾಗವನ್ನೇ ಬದಲಿಸುವ ರಿಪೇರಿ, ಮಾಡುವವರು ಇದ್ದಾರೆ. ಬೋರ್ಡ್ ಸತ್ತಂತಿರುವುದಕ್ಕೆ ಅನೇಕ ಸಲ ಕಾರಣ ಶಾರ್ಟ್ ಆದ ಒಂದು ಸೆರಾಮಿಕ್ ಕೆಪಾಸಿಟರ್ ಅಥವಾ ಮಾಸ್‌ಫೆಟ್; ಅದನ್ನು ಪತ್ತೆ ಹಚ್ಚಲು ಬೆಂಚ್ ಪವರ್ ಸಪ್ಲೈ, ಮೈಕ್ರೊಸ್ಕೋಪ್ ಮತ್ತು ಆ ಬೋರ್ಡಿನ ನಕ್ಷೆ ಬೇಕು. ಇವು ಇರುವ ಕಡೆಗೇ ಹೋಗಿ, ಯಾವ ಪೂರೈಕೆಯಲ್ಲಿ ದೋಷ ಸಿಕ್ಕಿತು, ಯಾವ ಬಿಡಿಭಾಗ ಬದಲಿಸುತ್ತೀರಿ ಎಂದು ಕೇಳಿ. ಕೆಲಸ ಬಲ್ಲವರು ತೋರಿಸಿಯೇ ಹೇಳುತ್ತಾರೆ. ಗ್ರಾಫಿಕ್ಸ್ ಚಿಪ್ಪಿಗೆ ಬಿಸಿ ಹೊಡೆದು ಎಬ್ಬಿಸಿಕೊಡುತ್ತೇವೆ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಾಗೆ ಎದ್ದ ಯಂತ್ರ ಕೆಲವು ವಾರಗಳಲ್ಲೇ ಮತ್ತೆ ಬೀಳುವುದು ಸಾಮಾನ್ಯ, ಸುತ್ತಲಿನ ಬೆಸುಗೆಗೂ ಪೆಟ್ಟು ಬೀಳುತ್ತದೆ.

ಕೊಡುವ ಮೊದಲು ಎಸ್‌ಎಸ್‌ಡಿಯನ್ನು ಬಿಚ್ಚಿ ನಿಮ್ಮ ಬಳಿಯೇ ಇಟ್ಟುಕೊಳ್ಳುವುದು ಉತ್ತಮ. ಬೋರ್ಡ್ ಪರೀಕ್ಷೆಗೆ ಅದರ ಅಗತ್ಯವಿಲ್ಲ. ದೀಪ ಮಿನುಗಿದ ವಿಡಿಯೊ ಮತ್ತು ನೀವು ಮಾಡಿ ನೋಡಿದ ಪರೀಕ್ಷೆಗಳ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಅವರ ಅರ್ಧ ದಿನದ ಕೆಲಸ ಉಳಿಯುತ್ತದೆ. ಬೋರ್ಡನ್ನೇ ಬದಲಿಸಬೇಕಾಗಿ ಬಂದರೆ ಹಳೆಯ ಸೀರಿಯಲ್ ನಂಬರನ್ನು ಹೊಸ ಬೋರ್ಡಿನಲ್ಲಿ ಬರೆಯಿಸಿಕೊಳ್ಳಿ, ವಿಂಡೋಸಿನ ಲೈಸೆನ್ಸ್ ಹಳೆಯ ಬೋರ್ಡಿಗೆ ಅಂಟಿಕೊಂಡಿರುವುದರಿಂದ ಮತ್ತೆ ಆ್ಯಕ್ಟಿವೇಟ್ ಮಾಡಬೇಕಾಗಬಹುದು ಎಂಬುದೂ ನೆನಪಿರಲಿ. ರಿಪೇರಿಯ ವಾರಂಟಿ ಎಷ್ಟು ದಿನ ಎಂಬುದನ್ನು ಬಿಲ್ಲಿನಲ್ಲೇ ಬರೆಸಿ. ವಾಪಸು ಪಡೆಯುವಾಗ ಅಂಗಡಿಯಲ್ಲೇ ಬರೇ ಬ್ಯಾಟರಿಯಲ್ಲಿ ಓಡಿಸಿ, ಚಾರ್ಜ್ ಏರುತ್ತದೆಯೇ ನೋಡಿ, ಎಲ್ಲ ಯುಎಸ್‌ಬಿ ಪೋರ್ಟುಗಳನ್ನೂ ಪರೀಕ್ಷಿಸಿ, ಸ್ಲೀಪಿಗೆ ಹಾಕಿ ಎಬ್ಬಿಸಿ. ಸಡಿಲ ಬೆಸುಗೆಯ ದೋಷ ಬಿಸಿಯಾಗಿರುವ ಯಂತ್ರದಲ್ಲಿ ಅಡಗಿರುತ್ತದೆ, ಹಾಗಾಗಿ ಮರುದಿನ ಬೆಳಿಗ್ಗೆ ಪೂರ್ತಿ ತಣ್ಣಗಾದ ಮೇಲೆ ಮನೆಯಲ್ಲಿ ಇನ್ನೊಮ್ಮೆ ಆನ್ ಮಾಡಿ ನೋಡಿ, ಮೊದಲಿನ ತೊಂದರೆ ಮತ್ತೆ ಕಂಡರೆ ಅದೇ ದಿನ ಬಿಲ್ಲಿನೊಂದಿಗೆ ಅಂಗಡಿಗೆ ತಿಳಿಸಿ.